ಚಾದರದ ಎರಡು ತುದಿ

ಈಗಿನವರು ಆಫೀಸಿನಲ್ಲಿ ನಾಲ್ಕು ಜನ ಕೂಡಿ ಕೆಲಸ ಮಾಡಿದರೆ ಅದಕ್ಕೆ ‘ಟೀಮ್’ ಎನ್ನುತ್ತಾರೆ. ನಮ್ಮ ಕಾಲಕ್ಕೆ ಆ ಪದ ಹಾಕಿ ಆಟದವರಿಗೆ ಮೀಸಲಾಗಿತ್ತು. ಯಲಬುರ್ಗಾದ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಕೈಕೆಳಗೆ ಮೂವರಿದ್ದರು. ಅವರನ್ನು ಟೀಮ್ ಎಂದು ಕರೆದಿದ್ದರೆ, ಅದು ಯಾವ ಊರಿನ ಬೈಗುಳವೆಂದು ಮೂವರೂ ಸೇರಿ ನನ್ನನ್ನೇ ವಿಚಾರಿಸುತ್ತಿದ್ದರು.

ಮಹಾಯುದ್ಧದ ಕಾಲ. ನಮ್ಮ ಸೀಮೆ ಇನ್ನೂ ನಿಜಾಮರ ರಾಜ್ಯದಲ್ಲಿತ್ತು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದು ಮುಗಿಸಿ, ಕೊಪ್ಪಳದವರೆಗೆ ರೈಲಿನಲ್ಲಿ, ಅಲ್ಲಿಂದ ಇದ್ದಿಲ ಗ್ಯಾಸಿನ ಮೇಲೆ ಓಡುವ ಬಸ್ಸಿನಲ್ಲಿ, ಬಸ್ಸು ಏರು ಹತ್ತದ ಕಡೆ ಇಳಿದು ನಡೆಯುತ್ತ, ಇಪ್ಪತ್ತೊಂದನೆಯ ವಯಸ್ಸಿಗೆ ನಾನು ಹೆಡ್‌ಮಿಸ್ಟ್ರೆಸ್ ಆಗಿ ಬಂದಿಳಿದೆ. ಮುಖಕ್ಕೆಲ್ಲ ಮಸಿ. ಟ್ರಂಕಿನಲ್ಲಿ ಒಂದು ರೂಲರ್, ಎರಡು ಬಣ್ಣದ ಇಂಕಿನ ಬಾಟಲಿ. ತಲೆಯಲ್ಲಿ ಸಿಸ್ಟರುಗಳು ತುಂಬಿ ಕಳಿಸಿದ ಡಿಸಿಪ್ಲಿನ್.

ಶಾಲೆ ಎಂದರೆ ಬಜಾರಿನ ಬಾಯಿಗಿದ್ದ ಬಾಡಿಗೆ ಮನೆಯ ಪಡಸಾಲೆ. ಹುಡುಗಿಯರು ಪರದೆ ಕಟ್ಟಿದ ಬಂಡಿಯಲ್ಲಿ, ಎರಡು ಖೇಪಿನಲ್ಲಿ ಬರುತ್ತಿದ್ದರು. ಮುಂದೆ ಗಟಾರವಿದ್ದುದರಿಂದ ಬಂಡಿ ಬಾಗಿಲವರೆಗೆ ಬರುವಂತಿರಲಿಲ್ಲ. ಬೇವಿನ ಗಿಡದ ಕೆಳಗೆ ನಿಲ್ಲುತ್ತಿತ್ತು. ಅಲ್ಲಿಂದ ಹೊಸ್ತಿಲಿಗೆ ಹತ್ತು ಹೆಜ್ಜೆ, ಇಡೀ ಬಜಾರಿನ ಕಣ್ಣೆದುರು. ಮಾನಸ್ಥ ಮನೆಯ ಹುಡುಗಿಯರು ಆ ಹತ್ತು ಹೆಜ್ಜೆಯಲ್ಲಿ ಯಾರ ಕಣ್ಣಿಗೂ ಬೀಳಬಾರದು ಎಂಬ ಕರಾರಿನ ಮೇಲೆಯೇ ತಾಯಂದಿರು ಅವರನ್ನು ಕಳಿಸುತ್ತಿದ್ದದ್ದು. ಹಾಗಾಗಿ ಬಜಾರಿನ ಕಡೆಗೆ ಒಂದು ಉದ್ದನೆಯ ಚಾದರವನ್ನು ಅಡ್ಡ ಹಿಡಿಯುತ್ತಿದ್ದರು. ಒಂದು ತುದಿ ಆಯಾಳ ಕೈಯಲ್ಲಿ. ಇನ್ನೊಂದು ತುದಿಯನ್ನು ಬಂಡಿಯವನು ಬೇವಿನ ಗಿಡದ ಕಡೆ ಮುಖ ಮಾಡಿ ಹಿಡಿಯುತ್ತಿದ್ದ.

ಇವರಿಬ್ಬರ ಜೊತೆಗೆ ಮೂರನೆಯವರು ಉರ್ದು ಕಲಿಸುವ ಉಸ್ತಾನಿ. ಐವತ್ತು ದಾಟಿದವರು, ಪಾನದ ಡಬ್ಬಿ ಬಿಟ್ಟು ಕೂತವರಲ್ಲ. ನನ್ನ ನೇಮಕದ ಉರ್ದು ಕಾಗದವನ್ನು ನನಗೇ ಓದಿ ಹೇಳಿದವರು ಅವರು.

ಮೂವರೂ ಕೆಲಸಗಳ್ಳರಲ್ಲ. ಆದರೆ ಯಾರ ಕೆಲಸ ಯಾರದೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಬಂಡಿಯ ಜೊತೆ ಹೋದ ಆಯಾ ಒಂದೊಂದು ಮನೆಯ ಕಟ್ಟೆಯ ಮೇಲೂ ಕೂತು ಕೂಸಿನ ಕೆಮ್ಮು, ಸೊಸೆಯ ಬಸಿರು ಎಲ್ಲ ವಿಚಾರಿಸಿಯೇ ಏಳುತ್ತಿದ್ದಳು. ಬಂಡಿಯವನು ದಾರಿಯುದ್ದಕ್ಕೂ ಹುಡುಗಿಯರಿಂದ ಮಗ್ಗಿ ಹೇಳಿಸುತ್ತಿದ್ದ. ಹದಿಮೂರರ ಮೇಲೆ ತನಗೇ ಬಾರದ್ದರಿಂದ, ಅಲ್ಲಿಗೆ ಮುಟ್ಟಿದ ಕೂಡಲೇ ಮತ್ತೆ ಎರಡರಿಂದ ಶುರು. ಉಸ್ತಾನಿ ನಮಾಜಿಗೆ ಎದ್ದರೆ, ಒಂದಕ್ಷರ ಬಾರದ ಆಯಾ ಕ್ಲಾಸಿನಲ್ಲಿ ಕೂತು, “ಅಲಿಫ್ ನೆಟ್ಟಗ ನಿಂದ್ರಸವಾ, ಬಿದ್ದೀತು” ಎನ್ನುತ್ತಿದ್ದಳು.

ನನಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಶುಕ್ರವಾರ, ನಿಜಾಮರ ರಾಜ್ಯದ ಸೂಟಿಯ ದಿನ, ಕೂತು ಡ್ಯೂಟಿ ಚಾರ್ಟ್ ಬರೆದೆ. ನೀಲಿಯಲ್ಲಿ ಬಂಡಿಯವನದು: ಮನೆಮನೆಗೆ ಹೋಗಿ ಹುಡುಗಿಯರನ್ನು ಕೂಡಿಸಿಕೊಂಡು ಬಂಡಿಯನ್ನು ಬೇವಿನ ಗಿಡಕ್ಕೆ ತರುವುದು. ಕೆಂಪಿನಲ್ಲಿ ಆಯಾಳದು: ಕಟ್ಟೆಪುರಾಣ ಬಿಟ್ಟು ಶಾಲೆಯಲ್ಲೇ ಇದ್ದು, ಕಸ ನೀರು ಮುಗಿಸಿ, ಹೊಸ್ತಿಲಿನಿಂದ ಒಳಗೆ ಹುಡುಗಿಯರನ್ನು ನೋಡಿಕೊಳ್ಳುವುದು. ಉಸ್ತಾನಿಯದು ಒಂಬತ್ತೂವರೆಯಿಂದ ಪಾಠ. ಪರ್ಫೆಕ್ಟ್ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಮೂವರನ್ನೂ ನಿಲ್ಲಿಸಿ ಓದಿದೆ.

“ಡ್ಯೂಟಿ ಅಂದ್ರೇನ್ರೀ ಅಕ್ಕೋರ?” ಆಯಾ ಕೇಳಿದಳು.

“ಫರ್ಜ್,” ಎಂದರು ಉಸ್ತಾನಿ, ಪಾನ ಒಂದು ದವಡೆಗೆ ತಳ್ಳಿ.

“ಅದಾದ್ರೂ ಏನ್ರಿ?”

“ನಿನ್ನ ಪಾಲಿನ ಕೆಲಸ,” ಎಂದೆ ನಾನು. “ಅಷ್ಟು ಮಾಡಿದರೆ ಸಾಕು.”

“ಅಷ್ಟ ಮಾಡಿದ್ರ ಸಾಕೇನ್ರಿ?” ಎಂದ ಬಂಡಿಯವನ ಮುಖ ಅರಳಿದ್ದನ್ನು ನಾನು ಡಿಸಿಪ್ಲಿನ್ನಿನ ಮೊದಲ ಗೆಲುವೆಂದು ತಿಳಿದೆ.

ಮಾರನೆಯ ಬೆಳಿಗ್ಗೆ ಪ್ರೇಯರ್ ಗಂಟೆ ಹೊಡೆದು ನಾನು ಪಡಸಾಲೆಯಲ್ಲಿ ನಿಂತಿದ್ದೆ. ಹುಡುಗಿಯರಿಲ್ಲ. ಹೊರಗೆ ಮಾತು ಕೇಳಿಸುತ್ತಿತ್ತು.

“ಏ ಬಂಡಿ ಸಾಹುಕಾರ, ಹುಡುಗ್ಯಾರನ್ನ ಇಳಸೋ.”

“ಗಿಡದ ಕೆಳಗ ಬಂಡಿ ನಿಂದ್ರಸೂದು ನನ್ನ ಡ್ಯೂಟಿ. ನಿಂದ್ರಸೀನಿ. ನೀ ಬಂದು ಕರಕೊಂಡು ಹೋಗು.”

“ನಂದು ಹೊಸ್ತಲದಿಂದ ಒಳಗ. ಕೆಂಪು ಮಸೀಲೆ ಬರದಾರ.”

“ನಂದು ನೀಲಿ ಮಸೀಲೆ. ನಿಂದಕ್ಕಿಂತ ದಪ್ಪ ಐತಿ, ಬೇಕಾದ್ರ ನೋಡು.”

“ಚಾದರ ಯಾರು ಹಿಡೀಬೇಕು ಹಂಗಾರ?”

“ಅದು ಯಾರ ಡ್ಯೂಟೀನೂ ಅಲ್ಲ!”

ಪರದೆಯೊಳಗೆ ಮೊದಲು ಕಿಸಿಕಿಸಿ ನಗು. ಆಮೇಲೆ ಸಣ್ಣದೊಂದು ದನಿ, “ನನಗ ಒಂದಕ್ಕ ಬಂದೈತಿ.” ನಾನು ಹೊರಗೆ ಓಡುವಷ್ಟರಲ್ಲಿ ಎದುರಿನ ಬಟ್ಟೆ ಅಂಗಡಿಯವರ ಮನೆಯ ಅಜ್ಜಿ ಪರದೆ ಸರಿಸಿ, ತನ್ನ ಮೊಮ್ಮಗಳ ರಟ್ಟೆ ಹಿಡಿದು ಇಳಿಸಿಕೊಂಡು ಹೋಗುತ್ತಿದ್ದಳು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಶಾಲೆಯವರು ಹುಡುಗಿಯರನ್ನು ಬಜಾರಿನಲ್ಲಿ ಬಿಸಿಲಿಗೆ ಕೂಡಿಸುತ್ತಾರಂತೆ. ವಾರದಲ್ಲಿ ಇಪ್ಪತ್ತಾರಿದ್ದ ಹಾಜರಿ ಹನ್ನೊಂದಕ್ಕೆ ಇಳಿಯಿತು. ಅದೇ ಹೊತ್ತಿಗೆ ಗುಲ್ಬರ್ಗಾದ ಶಿಕ್ಷಣ ಇಲಾಖೆಯಿಂದ ಕಾಗದ ಬಂತು. ಇನ್ನು ಹದಿನೈದು ದಿನದಲ್ಲಿ ಇನ್‌ಸ್ಪೆಕ್ಟ್ರೆಸ್ ಬರುತ್ತಾರೆ. ಇಪ್ಪತ್ತಕ್ಕಿಂತ ಕಡಿಮೆ ಹಾಜರಿ ಇದ್ದರೆ ಶಾಲೆ ಬಂದ್. ಕಾಗದವನ್ನು ಓದಿ ಹೇಳಿದ ಉಸ್ತಾನಿ ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. ಶಾಲೆ ಹೋದರೆ ಮನೆಯವರು ನನ್ನನ್ನು ನಮ್ಮೂರು ಗಂಗಾವತಿಗೆ ಕರೆದೊಯ್ದು ಮದುವೆ ಮಾಡುತ್ತಿದ್ದರು, ಅಷ್ಟೇ. ಹುಡುಗಿಯರಿಗೆ ಆ ಊರಿನಲ್ಲಿ ಬೇರೆ ಶಾಲೆ ಇರಲಿಲ್ಲ.

ಸಿಟ್ಟನ್ನೆಲ್ಲ ಆಯಾಳ ಮೇಲೆ ತೆಗೆದೆ. “ಹತ್ತು ಹೆಜ್ಜೆ ಹೊರಗೆ ಬಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?”

ಆಕೆ ಚಾರ್ಟಿನ ಮುಂದೆ ಹೋಗಿ ನಿಂತಳು. “ಎಲ್ಲಾರ ಡ್ಯೂಟಿ ಬರದೀರಿ. ನಿಮ್ದೆಲ್ಲಿ ಐತ್ರಿ ಅಕ್ಕೋರ?”

ನೋಡಿದೆ. ನನ್ನದು ಕೆಳಗೆ ಸಹಿ ಮಾತ್ರ ಇತ್ತು, ಬಳುಕುವ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ.

“ನಾನು ಹೆಡ್‌ಮಿಸ್ಟ್ರೆಸ್. ಎಲ್ಲವೂ ನನ್ನದೇ.”

“ಎಲ್ಲಾ ನಿಮ್ದಾದ್ರ ಹೋಗಿ ಚಾದರ ಹಿಡೀರಲ್ಲ.”

ಕಾನ್ವೆಂಟಿನಲ್ಲಿ ಹೀಗೆ ಎದುರುತ್ತರ ಕೊಟ್ಟವರು ಮೊಳಕಾಲೂರಿ ನಿಲ್ಲುತ್ತಿದ್ದರು. ಇಲ್ಲಿ ಆ ರಾತ್ರಿ ಊಟ ಸೇರದೆ ಮಲಗಿದವಳು ನಾನು. ಬೆಳಿಗ್ಗೆ ಗಿಡದ ಕೆಳಗೆ ಹೋಗಿ ಚಾದರದ ಒಂದು ತುದಿ ಹಿಡಿದು ನಿಂತೆ. ಒಂದೇ ತುದಿ ಹಿಡಿದವಳ ಗತಿ ಏನೆಂದು ಬಜಾರು ನೋಡಿ ನಕ್ಕಿತು. ಆಯಾ ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ಆ ಚೆಂದ ನೋಡಿ, ಬಂದು ಇನ್ನೊಂದು ತುದಿ ಹಿಡಿದಳು. “ಇದು ಡ್ಯೂಟಿ ಅಲ್ರಿ ಮತ್ತ. ನಿಮ್ಮನ್ನ ನೋಡಿ ಕನಿಕರ ಬಂತು.”

ನಾನು ಎತ್ತರ, ಆಕೆ ಗಿಡ್ಡ. ಚಾದರ ಓರೆಯಾಗುತ್ತಿತ್ತು. ಬಂಡಿಯವನು ಎರಡು ದಿನ ಗಿಡಕ್ಕೆ ಮುಖ ಮಾಡಿ ಸುಮ್ಮನೆ ನಿಂತ. ಮೂರನೆಯ ದಿನ ತಡೆಯಲಾರದೆ ಬಾಯಿಬಿಟ್ಟ.

“ಬಿಡ್ರಿ ಅಕ್ಕೋರ, ನಿಮಗ ಹಿಡಿಯೂದು ಗೊತ್ತಿಲ್ಲ. ಹುಡುಗ್ಯಾರ ಕಾಲು ಕಾಣ್ತಾವ. ಕೊಡ್ರಿಲ್ಲೆ ನನ್ನ ತುದಿ.”

‘ನನ್ನ ತುದಿ’ ಎಂದ! ಕೊಟ್ಟುಬಿಟ್ಟೆ.

ಆಯಾ ಮತ್ತೆ ಬಂಡಿ ಹತ್ತಿದಳು. ಬಿಟ್ಟುಹೋದ ಹದಿನೈದು ಹುಡುಗಿಯರ ಮನೆಗೂ ನನ್ನನ್ನು ಕರೆದೊಯ್ದಳು. ಮೊದಲೇ ತಾಕೀತು: “ನೀವು ಬಾಯಿ ಮುಚ್ಕೊಂಡು ಕುಂದರ್ರಿ. ಕೊಟ್ಟದ್ದು ತಿನ್ರಿ.” ಒಂದೊಂದು ಕಟ್ಟೆಯ ಮೇಲೂ ಕೂತೆ, ತಿಂದೆ, ಮದುವೆ ಯಾಕಾಗಿಲ್ಲ ಎಂಬ ಪ್ರಶ್ನೆಗೆ ತಲೆ ತಗ್ಗಿಸಿದೆ. ಆಯಾ ಶಾಲೆಯ ಸುದ್ದಿ ಎತ್ತಲೇ ಇಲ್ಲ. ಕೂಸಿನ ಕೆಮ್ಮು, ಸೊಸೆಯ ಬಸಿರು ಎಲ್ಲ ಮುಗಿಸಿ, ಏಳುವಾಗ, “ನಾಳಿಗಿ ಹುಡುಗೀನ ಬೇಗ ತಯಾರ ಮಾಡ್ರೆವಾ, ಬಂಡಿ ಬರ್ತೈತಿ” ಎನ್ನುತ್ತಿದ್ದಳು. ಬಟ್ಟೆ ಅಂಗಡಿಯ ಅಜ್ಜಿ ಮಾತ್ರ ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು.

“ಈಕೀನ ಏನು, ಬಿಸಲಿಗೆ ಕುಂದ್ರಸಿದಾಕಿ?”

“ಸಣ್ಣಾಕಿ ಅದಾಳ ಬಿಡಬೇ. ಕಲೀತಾಳ,” ಎಂದಳು ಆಯಾ.

ಇನ್‌ಸ್ಪೆಕ್ಟ್ರೆಸ್ ಬರುವ ದಿನ ಬಂಡಿಯವನು ಚಳಿಜ್ವರ ಹತ್ತಿ ಮಲಗಿದ. ಒಕ್ಕಲಿಗರ ಮನೆಯ ಮಗಳಾದ ಆಯಾ ಸೆರಗು ಸಿಕ್ಕಿಸಿ ತಾನೇ ಬಂಡಿ ಹೂಡಿದಳು. ನಾನು ಜೊತೆಗೆ ಹೋದೆ. ಮೊದಲ ಖೇಪು ಚಾದರವಿಲ್ಲದೆ, ಊರು ಏಳುವ ಮೊದಲೇ ಮುಗಿಯಿತು. ಎರಡನೆಯ ಖೇಪಿಗೆ ಬಜಾರು ತುಂಬಿತ್ತು. ಎತ್ತುಗಳು ಹೊಸ ಕೈಗೆ ಬೆದರುತ್ತಿದ್ದವು. ಆಯಾ ಹಗ್ಗ ಬಿಡುವಂತಿಲ್ಲ. ಉಸ್ತಾನಿ ಒಳಗೆ ಮೊದಲ ಖೇಪಿನವರನ್ನು ಬಿಟ್ಟು ಬರುವಂತಿಲ್ಲ. ಮತ್ತೆ ನಾನು, ಚಾದರ, ಒಂದು ತುದಿ.

ಬಾಗಿಲ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ಸಾದಾ ಸೀರೆ, ಕಪ್ಪು ಕಟ್ಟಿನ ಕನ್ನಡಕ, ಕೆನ್ನೆಗೆ ಬಸ್ಸಿನ ಮಸಿ. ಮಗಳನ್ನು ಸೇರಿಸಲು ಬಂದ ತಾಯಿ ಎಂದುಕೊಂಡೆ. ಆಯಾ ಎತ್ತುಗಳ ನಡುವಿನಿಂದಲೇ ಕೂಗಿದಳು.

“ಏ ಬಾಯಾರ! ಸುಮ್ಮ ನಿಂತೇನು ನೋಡ್ತೀರಿ? ಆ ತುದಿ ಹಿಡೀರಿ! ಮ್ಯಾಲ, ಇನ್ನಾ ಮ್ಯಾಲ!”

ಅವರು ಒಂದು ಕ್ಷಣ ಅತ್ತಿತ್ತ ನೋಡಿ, ಕೈಚೀಲವನ್ನು ಕಂಕುಳಿಗೆ ಸಿಕ್ಕಿಸಿ ಹಿಡಿದರು. ಕೊನೆಯ ಹುಡುಗಿ ಹೊಸ್ತಿಲು ದಾಟುವವರೆಗೂ ಹಿಡಿದೇ ಇದ್ದರು. ಆಮೇಲೆ ಕೈ ಝಾಡಿಸಿಕೊಂಡು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು: ಇನ್‌ಸ್ಪೆಕ್ಷನ್ ಈಗ ಶುರು ಮಾಡೋಣವೇ, ಇಲ್ಲ ನಿಮಗೆ ಹೊರಗೆ ಇನ್ನೂ ಕೆಲಸವಿದೆಯೇ?

ಓ ಮೈ ಗಾಡ್ ಎಂಬುದು ಕಾನ್ವೆಂಟಿನಲ್ಲಿ ನಿಷಿದ್ಧ. ಅಂದುಬಿಟ್ಟೆ.

ಅವರು ಇಪ್ಪತ್ನಾಲ್ಕು ತಲೆ ಎಣಿಸಿದರು, ಪಾಠ ಕೇಳಿದರು, ಮಗ್ಗಿ ಹೇಳಿಸಿದರು. ಹುಡುಗಿಯರು ಹದಿಮೂರಕ್ಕೆ ನಿಂತು ಮತ್ತೆ ಎರಡರಿಂದ ಶುರು ಮಾಡಿದಾಗ ಕನ್ನಡಕ ಒರೆಸಿಕೊಂಡರು. ಹೋಗುವಾಗ ವಿಜಿಟ್ ಬುಕ್ಕಿನಲ್ಲಿ ಮೂರು ಸಾಲು ಬರೆದರು. ಸಿಬ್ಬಂದಿಗೆ ತಮ್ಮ ತಮ್ಮ ಡ್ಯೂಟಿಯ ಸ್ಪಷ್ಟ ಕಲ್ಪನೆ ಇಲ್ಲ. ಹಾಜರಿ ಸಮಾಧಾನಕರ. ಶಾಲೆ ಮುಂದುವರಿಯಲಿ.

“ಡ್ಯೂಟಿ ಬಗ್ಗೆ ಏನೋ ಬರದಾರಲ್ರಿ?” ನಾನು ಬಾಯಿಬಿಟ್ಟು ಓದಿಕೊಳ್ಳುವಾಗ ಆಯಾಳ ಕಿವಿಗೆ ಆ ಒಂದು ಪದ ಬಿದ್ದಿತ್ತು.

“ಛಲೋ ಬರೆದಿದ್ದಾರೆ,” ಎಂದು ಸುಳ್ಳು ಹೇಳಿದೆ.

“ಸಾಲಿ ಉಳೀತೋ ಇಲ್ಲೋ?”

“ಉಳಿಯಿತು.”

ಅಷ್ಟು ಕೇಳಿದ್ದೇ, ಜ್ವರದವನಿಗೆ ಸುದ್ದಿ ಮುಟ್ಟಿಸಲು ಹೊರಟೇಬಿಟ್ಟಳು. ಹುಡುಗಿಯರನ್ನು ಮನೆಗೆ ಬಿಡುವ ಹೊತ್ತಾಗಿತ್ತು. ಬಂಡಿ ಯಾರು ಹೂಡಬೇಕೆಂದು ನಾನು ಕೂಗಿ ಕೇಳುವಷ್ಟರಲ್ಲಿ ಓಣಿ ತಿರುಗಿದ್ದಳು. ಉಸ್ತಾನಿ ನನ್ನ ಮುಖ ನೋಡಿದರು. ಪಾನದ ಡಬ್ಬಿ ಮುಚ್ಚಿ, ಬುರ್ಖಾ ಹಾಕಿಕೊಂಡು, “ಚಲೋ ಬೇಟಿ,” ಎಂದು ಗೂಟದ ಮೇಲಿನ ಚಾದರ ತೆಗೆದುಕೊಂಡರು.