ಸಮುದ್ರದ ಕಡೆಯ ಕಿಟಕಿ

“ಅವರಿಗೆ ಭಾರೀ ಜಂಬ ಮಾರಾಯ್ರೆ. ತಮ್ಮವರೇ ಆದ ಡಚ್ಚರ ಮಧ್ಯೆ ಇದ್ದರೂ ಒಂದು ಕಿಟಕಿ ತೆಗೀತಿರ್ಲಿಲ್ಲ!”

ಒಮಾನಿನಿಂದ ಮರಳಿದ ನಾವು ಕೆಲವರು ಸೇರಿದಾಗಲೆಲ್ಲ ಮಸ್ಕತ್ ಬಳಿಯ ಅಲ್ ಹೈಲ್‌ನಲ್ಲಿದ್ದ ಆಫ್ರಿಕಾನ್ಸ್ ಮಾತಿನ ಮೂರು ಕುಟುಂಬಗಳಲ್ಲಿ ಕೊನೆಯ ಮನೆಯವರ ಬಗ್ಗೆ ಈ ಮಾತು ಬರುತ್ತದೆ. ಎಲ್ಲರೂ ತಲೆಯಾಡಿಸುತ್ತಾರೆ. ನಾನು ಆಡಿಸುವುದಿಲ್ಲ.

ಮೊನ್ನೆ ಸೊಸೆ ಕೊತ್ತಂಬರಿ ಹುರಿಯುತ್ತಿದ್ದಳು. ಪಕ್ಕದಲ್ಲಿ ವಿನೆಗರ್ ಬಾಟಲಿ ತೆರೆದಿತ್ತು. ಎರಡು ವಾಸನೆಗಳೂ ಬೆರೆತದ್ದೇ, ಕೊನೆಯ ಮನೆಯ ಮೇಡಂ ಕಣ್ಣೆದುರು ಬಂದು ನಿಂತರು...

ಎಂಬತ್ತರ ದಶಕದ ಕೊನೆಯ ವರ್ಷಗಳು. ತೈಲ ಕಂಪನಿಯೊಂದರ ವಸತಿಗೃಹಗಳ ದುರಸ್ತಿ ವಿಭಾಗದಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಅಲ್ಲಿದ್ದವರು ಹೆಚ್ಚಾಗಿ ಡಚ್ಚರು. ದಕ್ಷಿಣ ಆಫ್ರಿಕದಿಂದ ಬಂದ ಈ ಮೂರು ಮನೆಯವರ ಭಾಷೆ ಡಚ್ಚಿನಿಂದಲೇ ಹುಟ್ಟಿದ್ದು, ಹಾಗಾಗಿ ಇವರೆಲ್ಲ ಒಂದೇ ಜನ ಎಂದು ನಾನೂ ಪುಸ್ತಕದಲ್ಲಿ ಓದಿ ನಂಬಿದ್ದೆ. ಅಂಗಳದಲ್ಲಿ ಕಂಡದ್ದು ಬೇರೆ. ಮೇಡಂ ಮಾತನಾಡಿದರೆ ಪಕ್ಕದ ಮನೆಯ ಡಚ್ಚಾಕೆ ನಗುತ್ತಿದ್ದಳು. “ನಮ್ಮ ಮುತ್ತಜ್ಜಿಯ ಅಡುಗೆಮನೆಯ ಮಾತು ಇದು,” ಎಂದು ನನಗೇ ಒಮ್ಮೆ ಇಂಗ್ಲಿಷಿನಲ್ಲಿ ವಿವರಿಸಿದ್ದಳು. ಮೇಡಂ ಕ್ರಮೇಣ ಮಾತು ಕಡಿಮೆ ಮಾಡಿದರು. ಪತಿ ವಾರಗಟ್ಟಲೆ ಮರುಭೂಮಿಯ ತೈಲಬಾವಿಗಳಲ್ಲಿ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ. ಮೇಡಂಗೆ ಕಾರು ಓಡಿಸಲು ಬಾರದು.

ಅವರಿಗೆ ಉಳಿದದ್ದು ಸಮುದ್ರದ ಕಡೆಯ ಒಂದು ಕಿಟಕಿ. ಮಾಂಸದ ಪಟ್ಟಿಗಳಿಗೆ ವಿನೆಗರ್, ಹುರಿದ ಕೊತ್ತಂಬರಿ ಹಚ್ಚಿ ಅಲ್ಲಿ ತಂತಿಗೆ ತೂಗುಹಾಕುತ್ತಿದ್ದರು. ತಮ್ಮ ಊರಿನಲ್ಲಿ ಅದನ್ನು ಬಿಸಿಲಿಗಲ್ಲ, ಗಾಳಿಗೆ ಒಣಗಿಸುತ್ತಾರೆ ಎಂದಿದ್ದರು. ಅಕ್ಕಪಕ್ಕದವರು ವಾಸನೆಯೆಂದು ದೂರಿದರು. ಆ ಮನೆಯ ಕಿಟಕಿಗಳಿಗೆಲ್ಲ ತೆರೆಯಲಾಗದಂತೆ ಸ್ಕ್ರೂ ಬಿಗಿಯಬೇಕೆಂದು ವಸತಿ ಅಧಿಕಾರಿಯ ಆದೇಶ ಬಂತು. ಉಡುಪಿ ಕಡೆಯ ಕೊಂಕಣಿ ಬಡಗಿಯೊಬ್ಬನನ್ನು ಕರೆದುಕೊಂಡು ನಾನೇ ಹೋದೆ.

“ಸಮುದ್ರದ ಕಡೆಯದೊಂದನ್ನು ಬಿಡಿ,” ಎಂದರು ಮೇಡಂ. “ಇನ್ನು ಮಾಂಸ ತೂಗುಹಾಕುವುದಿಲ್ಲ. ಸುಮ್ಮನೆ ನಿಂತುಕೊಳ್ಳಲು.”

ಬಡಗಿ ನನ್ನ ಮುಖ ನೋಡಿದ. “ಒಂದು ಬಿಡುವನಾ ಮಾರಾಯ್ರೆ? ನಮ್ಮ ಒಣಮೀನಿನ ವಾಸನೆ ಬಂದರೆ ನಮ್ಮನ್ನೂ ಹೀಗೇ ಜಡಿಯುದಲ್ವಾ ಇವರು?”

“ನಿನ್ನ ಪುರಾಣ ಬೇಡ. ಯಲ್ಲಾ, ಬೇಗ ಬೇಗ ಖಲಾಸ್ ಮಾಡು,” ಎಂದೆ. ನನ್ನ ವೀಸಾ ನವೀಕರಣಕ್ಕೆ ಅದೇ ಅಧಿಕಾರಿ ಸಹಿ ಹಾಕಬೇಕಿತ್ತು...

ಆಮೇಲೆ ಮೇಡಂ ಆ ಕಿಟಕಿಗಾಗಿ ಮೂರು ಸಲ ದುರಸ್ತಿ ಚೀಟಿ ಬರೆದರು. ಮೂರು ಸಲವೂ ಹೋದೆ. ಸ್ಕ್ರೂ ಮುಟ್ಟದೆ ಬಂದೆ. ಕೊನೆಯ ಸಲ ಅವರು ಗಾಜಿನ ಮೇಲೆ ಅಂಗೈಯಿಟ್ಟು ಹೊರಗೆ ನೋಡುತ್ತಿದ್ದರು. ಬಾಕಿ ಉಳಿದ ಚೀಟಿ ಅಧಿಕಾರಿಯ ಮೇಜಿಗೆ ಹೋಗುತ್ತದೆಂಬ ಭಯದಿಂದ ನಾನು ಅದರ ಕೆಳಗೆ ಒಂದು ಸಾಲು ಬರೆದು, ಪ್ರತಿಯನ್ನು ಅವರ ಕೈಗಿತ್ತೆ. ಅವರು ಓದಿದರು. ಮಡಚಿ ನನಗೇ ಹಿಂತಿರುಗಿಸಿದರು. ಮತ್ತೆಂದೂ ಬರೆಯಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಆ ಮನೆ ಖಾಲಿಯಾಯಿತು. ಬೀಳ್ಕೊಡಲು ನಾನು ಹೋಗಲಿಲ್ಲ. ಅವರು ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಕೇಳಲು ನನಗೆ ಮುಖವೂ ಇಲ್ಲ, ವಿಳಾಸವೂ ಇಲ್ಲ.

ಜಂಬವೆಂದು ಹೇಳುವವರು ನನ್ನ ಮನೆಗೆ ಬಂದು ಆ ಪ್ರತಿಯನ್ನು ನೋಡಬಹುದು. ಮೇಲೆ ಅವರ ದುಂಡು ಇಂಗ್ಲಿಷ್ ಅಕ್ಷರ: ದಯವಿಟ್ಟು ಸಮುದ್ರದ ಕಡೆಯ ಕಿಟಕಿಯನ್ನು ತೆರೆಯುವಂತೆ ಮಾಡಿಕೊಡಿ. ಕೆಳಗೆ: ಕೆಲಸ ಮುಗಿದಿದೆ.

ಸಹಿ ನನ್ನದು.