ಬಟ್ಟೆ ಸುತ್ತಿಟ್ಟ ವಿಲಾಯತಿ ಚೂರಿ

ಲಂಗರಿನ ಹಗ್ಗ ಕಾಲಿಗೆ ಸುತ್ತಿಕೊಂಡು ನನ್ನನ್ನು ಕಡಲಿಗೆ ಎಳೆಯುತ್ತಿತ್ತು. ಅಣ್ಣ ಮಾತ್ರ ಬಟ್ಟೆಯ ಗಂಟು ಬಿಚ್ಚುತ್ತಾ ಕುಳಿತಿದ್ದ.

ಆ ಗಂಟಿನೊಳಗೆ ಅವನ ವಿಲಾಯತಿ ಉಕ್ಕಿನ ಚೂರಿ ಇತ್ತು. ನಮ್ಮ ಕಮ್ಮಾರನಲ್ಲಿ ನಾಲ್ಕು ಚೂರಿ ಮಾಡಿಸಬಹುದಾದಷ್ಟು ಹಣ ಕೊಟ್ಟು ಬಂದರಿನ ಅಂಗಡಿಯಲ್ಲಿ ಕೊಂಡದ್ದು. ಉಪ್ಪುಗಾಳಿ ತಾಗಬಾರದು, ನೀರಿಗೆ ಬೀಳಬಾರದು ಎಂದು ಎಣ್ಣೆ ಸವರಿ, ಬಟ್ಟೆ ಸುತ್ತಿ, ದೋಣಿಯ ಹಲಗೆಗೆ ಬಿಗಿದು ಕಟ್ಟಿದ್ದ. ಒದ್ದೆಯಾದ ಗಂಟು ಸಡಿಲವಾಗಲೇ ಇಲ್ಲ. ದೋಣಿಯ ಅಂಚನ್ನು ತಬ್ಬಿ ಹಿಡಿದಿದ್ದ ನನ್ನ ಕೈ ಜಾರುತ್ತಿತ್ತು. ಅಷ್ಟರಲ್ಲಿ ಮಾವ ಹುಟ್ಟು ಬಿಟ್ಟು ಹಾರಿ ಬಂದರು. ಸೊಂಟದಲ್ಲಿದ್ದ ತಮ್ಮ ತುಕ್ಕು ಹಿಡಿದ ಚೂರಿ ತೆಗೆದು, ಗರಗಸದ ಹಾಗೆ ಎಳೆದೆಳೆದು ಹಗ್ಗ ಕೊಯ್ದರು.

ಪಣಂಬೂರಿನ ದಡ ಸೇರಿದ ಮೇಲೆ, ಬಾತ ಕಾಲಿನಲ್ಲಿ ಉಳಿದಿದ್ದ ಹಗ್ಗದ ಸುತ್ತನ್ನು ಅಣ್ಣ ಆ ವಿಲಾಯತಿ ಚೂರಿಯಿಂದಲೇ ಕೊಯ್ದ. ಒಂದೇ ಎಳೆತಕ್ಕೆ ಹಗ್ಗ ಕಳಚಿ ಬಿತ್ತು.

ಮಾವ ಅದನ್ನು ನೋಡಿ, "ಚೂರಿ ಒಳ್ಳೇದೇ ಉಂಟು ಮಾರಾಯ. ಆದರೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಅದಕ್ಕೆ ಬಾಣಂತಿ ಆರೈಕೆ ಎಂತಕ್ಕೆ?" ಎಂದರು.

ಅಣ್ಣ ಚೂರಿಯನ್ನು ಬಟ್ಟೆಗೆ ಸುತ್ತದೆ ಸೊಂಟಕ್ಕೆ ಸಿಕ್ಕಿಸಿಕೊಂಡ.

ಈಗ ಆ ಚೂರಿ ಅವನ ಸೊಂಟದಲ್ಲೇ ಇರುತ್ತದೆ. ಕೊಟ್ಟ ಹಣಕ್ಕೆ ಮೋಸವಿಲ್ಲವೆಂದು ನಾನೂ ಒಪ್ಪುತ್ತೇನೆ. ಆದರೂ ದೋಣಿ ಹತ್ತುವಾಗ ಎಲ್ಲರೂ ಕಡಲಿನ ಕಡೆ ನೋಡಿದರೆ, ನಾನು ಅಣ್ಣನ ಸೊಂಟದ ಕಡೆ ನೋಡುತ್ತೇನೆ.