ಚಿತ್ರದಮ್ಮನಿಗೆ ಬರೆದುಕೊಟ್ಟ ಕಾಗದ

ತೊಂಬತ್ತರ ದಶಕದ ನಡುವೆ ನಾನು ಜಿನನಾಥಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಹೆಡ್‌ಮಾಸ್ಟರಾಗಿದ್ದೆ. ಪಹಣಿ ತಿದ್ದುಪಡಿಯ ಅರ್ಜಿಯಿಂದ ಹಿಡಿದು ಹೆಣ್ಣು ಕೇಳುವ ಪತ್ರದವರೆಗೆ ಊರಿನ ಕಾಗದವನ್ನೆಲ್ಲ ನಾನೇ ಬರೆಯುತ್ತಿದ್ದೆ. ಮೇಷ್ಟ್ರು ಬರೆದರೆ ಕೆಲಸ ಆಗಿಯೇ ಆಗುತ್ತದೆ ಎಂಬ ಮಾತು ಊರಲ್ಲಿತ್ತು. ಆ ಮಾತನ್ನು ಹಬ್ಬಿಸಿದವನೂ ಮುಕ್ಕಾಲುಪಾಲು ನಾನೇ.

ನಮ್ಮ ಎದುರುಮನೆಯಲ್ಲಿ ಐವತ್ತು ದಾಟಿದ ಬ್ರಿಟಿಷ್ ಹೆಂಗಸೊಬ್ಬರು ಬಾಡಿಗೆಗಿದ್ದರು. ದಿನಾ ಜಿನನಾಥಪುರಕ್ಕೆ ಹೋಗಿ ಬಸದಿಯ ಗೋಡೆಯ ಶಿಲ್ಪಗಳನ್ನು ಒಂದೊಂದಾಗಿ ಪೆನ್ಸಿಲಿನಲ್ಲಿ ಬರೆದುಕೊಂಡು ಬರುತ್ತಿದ್ದರು. ಊರಿನವರು ಅವರನ್ನು ಚಿತ್ರದಮ್ಮ ಎನ್ನುತ್ತಿದ್ದರು. ಗಂಡ ತೀರಿಹೋಗಿದ್ದ, ಅವರ ದೇಶದಲ್ಲಿ ದಾರಿ ನೋಡುವವರು ಯಾರೂ ಇರಲಿಲ್ಲ. ಮೂರು ವರ್ಷದಲ್ಲಿ ಮುದ್ದೆ ನುಂಗುವುದನ್ನೂ ನಮ್ಮ ಮಾತನ್ನೂ ಕಲಿತು, ‘ನಾನಿಲ್ಲೇ ಇದ್ಬುಡ್ತೀನಿ ಸಾ’ ಎನ್ನುತ್ತಿದ್ದರು. ಹಾಗಿರಬೇಕಾದರೆ ಅವರ ವಾಸದ ಪರವಾನಗಿ ವರ್ಷಾವರ್ಷ ಹಾಸನದ ಪೊಲೀಸ್ ಕಚೇರಿಯಲ್ಲಿ ನವೀಕರಣವಾಗಬೇಕಿತ್ತು. ಆ ವರ್ಷ ಅರ್ಜಿಯ ಜೊತೆ ಊರಿನ ಗಣ್ಯರೊಬ್ಬರ ಪತ್ರ ಬೇಕೆಂದರು. ಗಣ್ಯ ಎಂದರೆ ನಾನಲ್ಲದೆ ಇನ್ಯಾರು?

‘ಇವರು ಇಲ್ಲಿ ವಾಸವಾಗಿದ್ದಾರೆ, ನಡತೆ ಒಳ್ಳೆಯದು’ ಎಂದು ಎರಡು ಸಾಲು ಗೀಚಿದ್ದರೆ ಸಾಕಿತ್ತು. ಆದರೆ ನಮ್ಮ ಕಡೆ ಒಬ್ಬರನ್ನು ಹೊಗಳುವುದೆಂದರೆ ಅವರು ಊರಿಗೆ ಏನು ಮಾಡಿದ್ದಾರೆ ಎಂದು ಹೇಳಬೇಕು. ಚಿತ್ರದಮ್ಮ ಶನಿವಾರದ ಬೆಳಗಿನ ಸ್ಕೂಲಿಗೆ ಬಂದು ಮಕ್ಕಳ ನಡುವೆ ಕೂತು ಇಂಗ್ಲಿಷ್ ಪದ್ಯ ಹಾಡಿಸುತ್ತಿದ್ದರು, ತಮ್ಮ ಖುಷಿಗೆ, ಅಷ್ಟೆ. ನಾನು ಲಹರಿಗೆ ಬಂದು ‘ನಮ್ಮ ಶಾಲೆಯಲ್ಲಿ ಆಂಗ್ಲಭಾಷಾ ಶಿಕ್ಷಕಿಯಾಗಿ ಸೇವೆ ಸಲ್ಲಿಸುತ್ತಿರುವ ಮಹಾತಾಯಿ’ ಎಂದು ಬರೆದು ಸ್ಕೂಲಿನ ಸೀಲು ಒತ್ತಿದೆ. ಹೆಂಡತಿಗೂ ಓದಿ ಹೇಳಿದೆ. ‘ಬೋ ಚೆಂದಾಗದೆ ಕಣ್ರೀ’ ಎಂದಳು.

ತಿಂಗಳಾದ ಮೇಲೆ ನಮ್ಮಿಬ್ಬರನ್ನೂ ಹಾಸನಕ್ಕೆ ಕರೆಸಿದರು. ಚಿತ್ರದಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಗುಮಾಸ್ತ ನನ್ನೊಬ್ಬನನ್ನು ಒಳಗೆ ಕರೆದ.

‘ಮೇಷ್ಟ್ರೇ, ಈಯಮ್ಮನ್ ವೀಸಾದಲ್ಲಿ ಕೆಲ್ಸ ಮಾಡಂಗಿಲ್ಲ. ನೀವ್ ನೋಡುದ್ರೆ ಟೀಚರ್ ಅಂತ ಬರ್ದು ಸೀಲ್ ಬೇರೆ ಒತ್ತಿದ್ದೀರಿ. ಈಗ ಎಂಗ್ ಕೊಡಾಕಾಯ್ತದೆ?’

ಆತ ಒಳ್ಳೆಯ ಮನುಷ್ಯ, ದಾರಿಯನ್ನೂ ತೋರಿಸಿದ. ‘ನಾನ್ ತಪ್ಪಾಗ್ ಬರ್ದೆ, ಆಕೆ ಟೀಚರ್ ಅಲ್ಲ ಅಂತ ಇನ್ನೊಂದ್ ಕಾಗ್ದ ಕೊಟ್ಬುಡಿ. ಸಾಹೇಬ್ರ ಮುಂದೆ ಇಡ್ತೀನಿ.’

ಬಿಳಿ ಹಾಳೆಯನ್ನೂ ನನ್ನ ಮುಂದೆ ತಳ್ಳಿದ. ಸೀಲು ಒತ್ತಿ ಸುಳ್ಳು ಬರೆದ ಹೆಡ್‌ಮಾಸ್ಟರು ಎಂದು ನಮ್ಮ ಇಲಾಖೆಗೆ ಗೊತ್ತಾದರೆ? ಬಡ್ತಿಯ ಪಟ್ಟಿಯಲ್ಲಿ ಆಗತಾನೇ ನನ್ನ ಹೆಸರು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ‘ನಾನು ಬರೆದದ್ದು ತಪ್ಪು’ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ನಾಳೆ ತಂದುಕೊಡುತ್ತೇನೆ ಎಂದು ಎದ್ದುಬಂದೆ.

ಹೊರಗೆ ಅವರು ಎದ್ದು ನಿಂತರು. ‘ಏನಂದ್ರು ಸಾ?’

‘ರೂಲ್ಸ್ ಬದ್ಲಾಗ್ಬುಟ್ಟವಂತೆ’ ಎಂದೆ.

ಒಂದು ಮಾತೂ ಮರುಕೇಳದೆ ನಂಬಿದರು. ಚನ್ನರಾಯಪಟ್ಟಣದ ಬಸ್ಸಿನಲ್ಲಿ ನನ್ನ ಪೆಚ್ಚುಮುಖ ನೋಡಿ ಅವರೇ ನನಗೆ ಸಮಾಧಾನ ಹೇಳಿದರು. ಆ ನಾಳೆಯನ್ನು ನಾನು ಮುಂದಕ್ಕೆ ಹಾಕುತ್ತಲೇ ಹೋದೆ. ಕೊನೆಗೆ ದೇಶ ಬಿಡಬೇಕೆಂಬ ನೋಟೀಸು ಬಂತು. ಹೋಗುವ ದಿನ ಅವರು ಪ್ರತಿ ಮನೆಗೂ ಒಂದೊಂದು ಚಿತ್ರ ಕೊಟ್ಟರು. ನಮ್ಮ ಮನೆಗೆ ಎರಡು.

ನನಗೆ ಬಡ್ತಿ ಸಿಕ್ಕಿ ಅರಕಲಗೂಡಿಗೆ ಹೋದೆ. ಆ ಕುರ್ಚಿಯಲ್ಲಿ ಒಂದು ದಿನವೂ ಸುಖವಾಗಿ ಕೂರಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಸುಖವಾಗಿಯೇ ಇದ್ದೆ. ಈಗ ಹೆಚ್ಚು ನೋಯಿಸುವುದು ಅದೇ.

ವರ್ಷಕ್ಕೊಂದು ಕಾಗದ ಅವರಿಂದ ಬರುತ್ತಿತ್ತು, ದುಂಡಗಿನ ಕನ್ನಡದಲ್ಲಿ. ಮಳೆ, ರಾಗಿ, ನನ್ನ ಹೆಂಡತಿಯ ಮಂಡಿನೋವು, ಎಲ್ಲ ವಿಷಯವನ್ನೂ ನಾನು ಬರೆದೆ. ಆ ಒಂದನ್ನು ಮಾತ್ರ ಬರೆಯಲಿಲ್ಲ. ನಿವೃತ್ತನಾಗಿ ಹೊಳೆನರಸೀಪುರದಲ್ಲಿ ನೆಲೆನಿಂತ ಮೇಲೆ ಅವರ ಕೊನೆಯ ಕಾಗದ ಬಂತು. ಅದಕ್ಕೆ ಉತ್ತರವನ್ನೇ ಬರೆಯಲಿಲ್ಲ. ಅವರು ಕೇಳಿದ್ದು ಇಷ್ಟೆ: ‘ಸಾ, ನನಗೆ ವಯಸ್ಸಾಯಿತು. ಒಂದು ಸಲ ಹಾಸನಕ್ಕೆ ಹೋಗಿ ವಿಚಾರಿಸುತ್ತೀರಾ? ಆ ರೂಲ್ಸ್ ಮತ್ತೆ ಬದಲಾಗಿರಬಹುದು.’